ಕೊಣನೂರಿಗೆ ಹೋಗಬೇಕಾದ ಮಿಷನ್ನು

ನಾನು ಮಾಡುವ ಕೆಲಸ ಏನೆಂದು ನಮ್ಮಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ, “ಹಾಸನದಾಗೆ ಫೋನ್ ಆಫೀಸಲ್ಲವಳೆ” ಅಂದುಬಿಡುತ್ತಾಳೆ. ನಾನೂ ತಿದ್ದಲು ಹೋಗಿಲ್ಲ. ತಿದ್ದಿದರೆ ವಿವರಿಸಬೇಕು. ವಿವರಿಸಿದರೆ, “ಅಂಗಂದ್ರೆ ನೀನೇನೂ ಮಾಡಲ್ಲ ಅಂತಾಯ್ತು” ಅನ್ನುತ್ತಾಳೆ. ಆಮೇಲೆ ಅದೇ ನಿಜವೇನೋ ಎಂದು ನನಗೂ ಅನ್ನಿಸತೊಡಗುತ್ತದೆ.

ನಮ್ಮದು ಹಾಸನದ ಒಂದು ಸಣ್ಣ ಗುತ್ತಿಗೆ ಸಂಸ್ಥೆ. ದೊಡ್ಡ ಇಂಟರ್ನೆಟ್ ಕಂಪನಿಗಳು ಗಿರಾಕಿಗಳನ್ನು ಹಿಡಿಯುತ್ತವೆ. ಆ ಗಿರಾಕಿಗಳ ಜಾಗಕ್ಕೆ ಹೋಗಿ, ಕಂಬದಿಂದ ಲೈನು ಎಳೆದು, ಗೋಡೆಗೆ ಪೆಟ್ಟಿಗೆ ಕೂರಿಸಿ, ಅದರಲ್ಲಿ ಹಸಿರು ದೀಪ ಹತ್ತಿಸಿ ಬರುವವರು ನಾವು. ಯಾವ ದಿನ ಯಾವ ಊರಿಗೆ ಯಾರು ಹೋಗಬೇಕು, ಡ್ರಿಲ್ಲು ಯಾರ ಹತ್ತಿರ ಇದೆ, ಕೇಬಲ್ಲಿನ ಸುರುಳಿ ಸಾಕಾಗುತ್ತದಾ, ಜೀಪಿಗೆ ಡೀಸೆಲ್ ಹಾಕಿಸಿದ್ದಾರಾ ಎಂದು ಮೊದಲೇ ಯೋಚಿಸಿ ಎಲ್ಲವನ್ನೂ ಹೊಂದಿಸುವವಳು ನಾನು, ರೂಪಶ್ರೀ, ಪ್ಲಾನಿಂಗ್ ಕೋಆರ್ಡಿನೇಟರ್. ಕಂಪ್ಯೂಟರಿನಲ್ಲಿ ಪ್ರತಿ ಗಿರಾಕಿಗೂ ಒಂದು ಸಾಲು. ದಿನ ಗೊತ್ತುಮಾಡಿದ್ದರೆ ಹಳದಿ, ತಡವಾದರೆ ಕೆಂಪು, ಮುಗಿದರೆ ಹಸಿರು. ನನ್ನ ಕೈಯಲ್ಲಿ ಇರುವುದು ಈ ಬಣ್ಣಗಳು ಮತ್ತು ಒಂದು ಫೋನು. ಏಣಿ ಹತ್ತುವುದು ಕೂಡ ನನಗೆ ಬರುವುದಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಇಷ್ಟು ಊರಿಗೂ ಸಾಕಾಗುವಷ್ಟು ಏಣಿಗಳು ನಮ್ಮಲ್ಲಿವೆ, ಹತ್ತುವವರೂ ಇದ್ದಾರೆ. ಸ್ಪ್ಲೈಸಿಂಗ್ ಮಿಷನ್ನು ಮಾತ್ರ ಒಂದೇ. ಈಗಿನ ಲೈನು ತಾಮ್ರದ ತಂತಿಯಲ್ಲ, ತಲೆಕೂದಲಿನಷ್ಟು ಸಣ್ಣ ಗಾಜಿನ ಎಳೆ. ಎರಡು ಎಳೆಗಳನ್ನು ಕೂಡಿಸಬೇಕಾದರೆ ಗಂಟು ಹಾಕಲಾಗುವುದಿಲ್ಲ. ಈ ಮಿಷನ್ನಿನೊಳಗೆ ತುದಿಗೆ ತುದಿ ಇಟ್ಟು, ಸಣ್ಣದೊಂದು ಕಿಡಿಯಲ್ಲಿ ಬೆಸೆಯಬೇಕು. ಊಟದ ಡಬ್ಬಿಯಷ್ಟಿರುವ ಆ ಮಿಷನ್ನಿಗಿರುವ ಮರ್ಯಾದೆ ನಮ್ಮ ಆಫೀಸಿನಲ್ಲಿ ಬೇರೆ ಯಾರಿಗೂ ಇಲ್ಲ. ಅದನ್ನು ನಡೆಸುವವನು ಶಾಂತರಾಜು. ಜೀಪು ಓಡಿಸುವವನೂ ಅವನೇ. ಮಿಷನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕುತ್ತಾನೆ, ನನ್ನನ್ನು ಹಿಂದೆ ಏಣಿಯ ಜೊತೆ ಕೂರಿಸುತ್ತಾನೆ.

ಇನ್ನೊಂದು ಮಿಷನ್ನು ತರಿಸಿ ಎಂದು ನಮ್ಮ ಮಾಲೀಕರಾದ ಅನಿಲ್‌ಕುಮಾರ್ ಅವರಿಗೆ ನಾನು ಹೇಳದ ದಿನವಿಲ್ಲ. ಅವರು “ನೋಡೋಣ ಕಣಮ್ಮ” ಅನ್ನದ ದಿನವೂ ಇಲ್ಲ. ಕೆಟ್ಟವರಲ್ಲ. ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ ಅಷ್ಟೆ. ಅವರು ಇಲ್ಲ ಎನ್ನದಿದ್ದ ಕಡೆಯೆಲ್ಲ ನಾನು ಹೋಗಿ ಬೈಸಿಕೊಳ್ಳಬೇಕು.

ಕವನಾಳ ಸಾಲು ನನ್ನ ಕಂಪ್ಯೂಟರಿಗೆ ಸೇರಿದ್ದು ಗೌರಿಹಬ್ಬ ಕಳೆದ ಮೇಲೆ. ಕೊಣನೂರಿನ ಅಂಚಿನಲ್ಲಿ ಮನೆ. ಜಾಗ ನೋಡಿಬರಲು ನಾನೇ ಹೋಗಿದ್ದೆ. ಅವಳಪ್ಪ ಬೈರಯ್ಯನವರು ಮನೆಯ ಪಕ್ಕದ ದನದ ಕೊಟ್ಟಿಗೆಗೆ ಗೋಡೆ ಎಬ್ಬಿಸಿ, ನೆಲಕ್ಕೆ ಗಾರೆ ಹಾಕಿ, ಸುಣ್ಣ ಹೊಡೆದು ಕೋಣೆ ಮಾಡಿದ್ದರು. ಮುಚ್ಚಿಹೋದ ಯಾವುದೋ ಟ್ಯುಟೋರಿಯಲ್ಲಿನಿಂದ ತಂದ ಕುರ್ಚಿ ಮೇಜುಗಳನ್ನು ಸಾಲಾಗಿ ಜೋಡಿಸಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಂಬೇಡ್ಕರ್ ಪಟ. ಕೋಣೆ ಮೂಗಿಗೆ ಇನ್ನೂ ಕೊಟ್ಟಿಗೆಯೇ, ಕಣ್ಣಿಗೆ ಮಾತ್ರ ಆಫೀಸು.

ಕವನಾ ಹಾಸನದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವಳು. ಪುಣೆಯ ಕಂಪನಿಯೊಂದು ಆಸ್ಪತ್ರೆಗಳ ಬಿಲ್ಲು ತಾಳೆ ನೋಡುವ ಕೆಲಸವನ್ನು ಹಳ್ಳಿಗಳ ಇಂಥ ಕೋಣೆಗಳಿಗೆ ಹಂಚುತ್ತದೆ ಎಂದು ಅವಳೇ ಹುಡುಕಿ ತಿಳಿದುಕೊಂಡಿದ್ದಳು. ಪರೀಕ್ಷೆ, ಸಂದರ್ಶನ ಎಲ್ಲ ಮುಗಿಸಿದ್ದಳು. ಅವಳ ಜೊತೆ ಅದೇ ಗಾರ್ಮೆಂಟ್ ಬಸ್ಸು ಹತ್ತುತ್ತಿದ್ದ ಊರಿನ ಕೆಲವು ಹುಡುಗಿಯರು ಈ ಕೋಣೆಯಲ್ಲಿ ಕೂರಲು ಒಪ್ಪಿದ್ದರು. ಬಾಕಿ ಉಳಿದಿದ್ದದ್ದು ಒಂದೇ. ವಿಜಯದಶಮಿಯ ಮಾರನೇ ದಿನ ಬೆಳಿಗ್ಗೆ ಪುಣೆಯವರು ಅಲ್ಲಿಂದಲೇ ಲೈನು ಪರೀಕ್ಷಿಸುತ್ತಾರೆ. ಲೈನು ಸರಿಯಿದ್ದರೆ ಕೆಲಸ ಕೊಣನೂರಿಗೆ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿರುವ ಬೇರೆ ಜಿಲ್ಲೆಯ ಊರಿಗೆ. ಕವನಾ ಆಗಲೇ ಫ್ಯಾಕ್ಟರಿ ಬಿಟ್ಟಿದ್ದಳು.

“ಬಸ್ಸು ಬೆಳಗಾಗೋ ಮೊದ್ಲೇ ಬತ್ತದೆ ಅಕ್ಕ, ವಾಪಸ್ ಬರಾ ಹೊತ್ಗೆ ಕತ್ಲಾಗಿರ್ತದೆ. ನಮ್ಮೂರ್ ಹುಡ್ಗೀರ್ಗೆ ಬೆಳಕಲ್ಲಿ ಊರ್ ನೋಡಕ್ಕೆ ಸಿಗಾದು ಭಾನ್ವಾರ ಮಾತ್ರ” ಎಂದಳು. ಅಳುತ್ತಾ ಹೇಳಲಿಲ್ಲ, ನಗುತ್ತಾ ಹೇಳಿದಳು. ಆಮೇಲೆ, “ನಂಗೆ ಒಂದ್ ಗ್ಯಾರಂಟಿ ಹೇಳಿ ಅಕ್ಕ. ಹಬ್ಬಕ್ಕೆ ಮೊದ್ಲು ಆಯ್ತದಲ್ವಾ?” ಎಂದು ಕೇಳಿದಳು.

ನಾನು ಆಯ್ತದೆ ಎಂದೆ. ಸುಳ್ಳಲ್ಲ. ದಿನ ಗೊತ್ತುಮಾಡಿ, ಶಾಂತರಾಜುವನ್ನೂ ಮಿಷನ್ನನ್ನೂ ಅವಳ ಸಾಲಿನ ಎದುರು ಬರೆದು, ಹಳದಿ ಬಣ್ಣ ತುಂಬಿ ಇಟ್ಟಿದ್ದೆ. ಹಬ್ಬಕ್ಕೆ ಮುಂಚೆ ಸಾಕಷ್ಟು ದಿನ ಕೈಯಲ್ಲಿತ್ತು. ಇಷ್ಟು ಸರಿಯಾಗಿ ನಾನು ಯಾವ ಕೆಲಸವನ್ನೂ ಹೊಂದಿಸಿರಲಿಲ್ಲ.

ಅಷ್ಟರಲ್ಲಿ ಚನ್ನರಾಯಪಟ್ಟಣದ ಪುಟ್ಟಸ್ವಾಮಿಯವರು ವಕ್ಕರಿಸಿದರು. ತೆಂಗಿನಕಾಯಿ ವ್ಯಾಪಾರದ ದೊಡ್ಡ ಕುಳ. ಹೆದ್ದಾರಿಯ ಪಕ್ಕ ಹೊಸ ಕಲ್ಯಾಣ ಮಂಟಪ ಕಟ್ಟಿಸಿದ್ದರು, ನವರಾತ್ರಿಯಲ್ಲೇ ಪ್ರಾರಂಭೋತ್ಸವ. ಬಾಗಿಲಿಗೊಂದು, ಅಡಿಗೆಮನೆಗೊಂದು, ಊಟದ ಹಾಲಿಗೆ ನಾಲ್ಕಾರು ಕ್ಯಾಮೆರಾ ಬೇಕು, ಬಂದವರಿಗೆಲ್ಲ ವೈಫೈ ಸಿಗಬೇಕು, ಸಮಾರಂಭ ನೇರಪ್ರಸಾರವಾಗಬೇಕು. ಎರಡನೇ ಪಂಕ್ತಿಯಲ್ಲಿ ಯಾರು ಮತ್ತೆ ಕೂತರು ಎಂದು ನೋಡಿ ಇವರಿಗೆ ಏನಾಗಬೇಕಿತ್ತೋ ದೇವರಿಗೇ ಗೊತ್ತು.

“ಶಾಂತರಾಜೂನ ಅಲ್ಲಿಗೆ ಕಳ್ಸು ಕಣಮ್ಮ” ಅಂದರು ಅನಿಲ್‌ಕುಮಾರ್.

“ಸಾರ್, ಅದೇ ದಿನ ಕೊಣನೂರಿದೆ. ಆ ಹುಡುಗಿಗೆ ಹಬ್ಬದ ಮಾರನೇ ದಿನ ಪರೀಕ್ಷೆ. ಲೈನಿಲ್ಲ ಅಂದ್ರೆ ಕೆಲಸ ಹೋಗುತ್ತೆ.”

“ಗೊತ್ತಮ್ಮ. ಪುಟ್ಟಸ್ವಾಮಿಯೋರಿಗೆ ಇಲ್ಲ ಅನ್ನಕ್ಕಾಗುತ್ತಾ? ನಾಳೆ ಅವರ ಗೋಡೌನು, ಅವರ ಬೀಗರ ಕಾಲೇಜು ಎಲ್ಲ ನಮಗೇ ಬರ್ಬೇಕು. ಒಂದಿನ ಅಷ್ಟೆ. ನೀನೇ ಹೆಂಗೋ ಹೊಂದಿಸ್ಕೋ.”

ನೀನೇ ಹೊಂದಿಸ್ಕೋ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದೇ ಮಿಷನ್ನನ್ನು ಎರಡು ಊರಿಗೆ ಹೊಂದಿಸುವ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಜಗಳವಾಡಿದೆ. ಅವತ್ತು ಚೆನ್ನಾಗಿಯೇ ಆಡಿದೆ. ಅವರು ಟೀ ತರಿಸಿಕೊಟ್ಟರು. ನಾನು ಟೀ ಕುಡಿದು ಬಂದು ಕೊಣನೂರಿನ ಹಳದಿಯನ್ನು ಮುಂದಿನ ದಿನಕ್ಕೆ ಎಳೆದೆ.

ಚನ್ನರಾಯಪಟ್ಟಣದಲ್ಲಿ ಒಂದು ದಿನ ಎನ್ನುವುದು ಒಂದು ದಿನವಾಗಿ ಉಳಿಯಲಿಲ್ಲ. ಪುಟ್ಟಸ್ವಾಮಿಯವರಿಗೆ ಒಂದು ಕಡೆ ಕೂರಿಸಿದ ಕ್ಯಾಮೆರಾ ಇನ್ನೊಂದು ಕಡೆ ಚೆನ್ನಾಗಿರುತ್ತದೆ ಎನ್ನಿಸಿತು. ಹೂವಿನ ಅಲಂಕಾರದವರು ಕೇಬಲ್ಲು ಕತ್ತರಿಸಿದರು. ಮತ್ತೆ ಎಳೆದು ಬೆಸೆಯಬೇಕಾಯಿತು. ಕವನಾ ದಿನಾ ಫೋನ್ ಮಾಡಿದಳು, ನಾನು ದಿನಾ “ನಾಳೆ” ಎಂದೆ. ಅವಳು ಒಂದು ಸಲವೂ ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಶಾಂತರಾಜು ಮಿಷನ್ನು ತಂದು ಆಫೀಸಿನಲ್ಲಿಟ್ಟಾಗ ಆಯುಧಪೂಜೆ ಬಂದೇಬಿಟ್ಟಿತ್ತು.

ನಮ್ಮ ಆಫೀಸಿನ ಆಯುಧಪೂಜೆ ಅಂದರೆ ಹುಡುಗಾಟವಲ್ಲ. ಹಾಲಿನಲ್ಲಿ ಬಾಳೆಕಂದು ಕಟ್ಟಿ, ಬಟ್ಟೆ ಹಾಸಿ, ಡ್ರಿಲ್ಲು, ಇಕ್ಕಳ, ಏಣಿ, ಸುತ್ತಿಗೆ ಎಲ್ಲವನ್ನೂ ತೊಳೆದು ಒರೆಸಿ ಜೋಡಿಸುತ್ತೇವೆ. ನಡುವೆ ಸ್ಪ್ಲೈಸಿಂಗ್ ಮಿಷನ್ನು. ಪೂಜೆಯಾದ ಮೇಲೆ ವಿಜಯದಶಮಿಯ ದಿನ ಪೂಜೆ ತೆಗೆಯುವವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಒಂದು ಮೊಳೆ ಹೊಡೆಯುವ ಹಾಗಿಲ್ಲ. ನಮ್ಮಲ್ಲಿ ಪೂಜೆ ತೆಗೆಯುವುದು ದಶಮಿಯ ಮಧ್ಯಾಹ್ನ ಕಳೆದ ಮೇಲೆ, ಎಲ್ಲರೂ ಊರುಗಳಿಂದ ಬಂದ ಮೇಲೆ; ಆಮೇಲೆ ಹೊರಟರೆ ಕೊಣನೂರಿನಲ್ಲಿ ಕತ್ತಲು.

“ಅದೊಂದನ್ನ ಬಿಟ್ಟು ಪೂಜೆ ಮಾಡಿ ಸಾರ್. ಇವತ್ತೇ ಕೊಣನೂರಿಗೆ ಹೋಗಿಬರ್ತಾರೆ” ಎಂದೆ.

ಅನಿಲ್‌ಕುಮಾರ್ ನನ್ನನ್ನು ವಿಚಿತ್ರವಾಗಿ ನೋಡಿದರು. “ಅನ್ನ ಕೊಡೋ ಮಿಷನ್ ಕಣಮ್ಮ. ಅದನ್ನೇ ಬಿಟ್ಟು ಸುತ್ತಿಗೆಗೆ ಪೂಜೆ ಮಾಡ್ಲಾ?”

ಶಾಂತರಾಜುವನ್ನು ಕೇಳಿದೆ. “ಮೇಡಮ್ಮೋರೆ, ಬೇರೆ ಯಾವ್ ದಿನ ಬೇಕಾದ್ರೂ ಕರೀರಿ, ನಿದ್ದೆಗೆಟ್ಟಾದ್ರೂ ಬತ್ತೀನಿ. ಇವತ್ತು ಮಾತ್ರ ನನ್ ಕೈಲಿ ಅದುನ್ನ ಎತ್ತಕ್ಕಾಗಕ್ಕಿಲ್ಲ” ಎಂದ. ಅವನನ್ನು ಬೈಯಲು ನನಗೂ ಬಾಯಿ ಬರಲಿಲ್ಲ. ಅದೇ ಬೆಳಿಗ್ಗೆ ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವ ಚಾಕುವಿಗೂ ಅಮ್ಮ ಕುಂಕುಮ ಇಟ್ಟಿದ್ದಳು. ನಾನು ಅದನ್ನು ಮುಟ್ಟದೆ, ಟೊಮೆಟೊ ಕೈಯಲ್ಲೇ ಹಿಸುಕಿ ಚಿತ್ರಾನ್ನಕ್ಕೆ ಹಾಕಿ ಬಂದಿದ್ದೆ.

ಪೂಜೆಯನ್ನು ಬೇಗ ತೆಗೆಯಲು ಅಪ್ಪಣೆ ಕೊಡಬಲ್ಲವರು ಒಬ್ಬರೇ, ಅನಿಲ್‌ಕುಮಾರ್ ತಾಯಿ ಚಿಕ್ಕಲಕ್ಷ್ಮಮ್ಮನವರು. ಮನೆ ಆಫೀಸಿನ ಮೇಲಿನ ಮಹಡಿಯಲ್ಲೇ. ಎಂಬತ್ತು ದಾಟಿದ ಜೀವ. ಆಫೀಸಿನ ನಿಜವಾದ ಯಜಮಾನಿ ಅವರೇ ಎಂದು ನಾವು ಆಡಿಕೊಳ್ಳುತ್ತೇವೆ. ಪೂಜೆ ನಡೆಸುವವರೂ ಅವರೇ. ಅವರ ಮುಂದೆ ನೆಲದ ಮೇಲೆ ಕೂತು ಕವನಾಳ ವಿಷಯವನ್ನೆಲ್ಲ ಹೇಳಿದೆ.

“ಯಾರ ಪೈಕಿ ಮಗ ಆ ಉಡುಗಿ?” ಎಂದರು ಮೊದಲು.

“ಒಳ್ಳೆಯವರ ಪೈಕಿ ಅಜ್ಜಿ” ಎಂದೆ, ಸ್ವಲ್ಪ ಬಿರುಸಾಗಿಯೇ.

ಅವರು ನನ್ನ ಮುಖ ನೋಡಿ ನಕ್ಕರು, ಮತ್ತೆ ಕೇಳಲಿಲ್ಲ. ಬಸ್ಸಿನ ವಿಷಯ ಹೇಳಿದಾಗ ಮಾತ್ರ ನಗು ನಿಂತಿತು. “ನಾನೂ ಕತ್ಲಾಗೆ ಗದ್ದೆಗೋಗಿ ಕತ್ಲಾಗೆ ಮನೆಗ್ ಬತ್ತಿದ್ದೆ ಕಣವ್ವ. ನಮ್ಮನೆ ಮುಂದ್ಲ ರಂಗೋಲಿ ನಾನೇ ಇಕ್ಕಿದ್ರೂ ಅದುನ್ನ ಬೆಳಕ್ನಾಗೆ ನೋಡ್ತಿದ್ದೋರು ಬೇರೇರು” ಎಂದರು. ಕಣ್ಣು ಒರೆಸಿಕೊಂಡರು. “ನಾಳೆ ಒತ್ತುಟ್ಟಾ ಮೊದ್ಲೇ ನಾನೇ ಪೂಜೆ ತೆಗ್ದು, ಮಿಷನ್ನ ಆ ಶಾಂತ್ರಾಜನ ಕೈಗೆ ಕೊಡ್ತೀನಿ. ಯಾವನೂ ಬ್ಯಾಡ ಅನ್ನಂಗಿಲ್ಲ. ಅದ್ಯಾವುದು ಆ ಮಿಷನ್ನು, ತೋರ್ಸು ಬಾ.”

ಕೈ ಹಿಡಿದು ಮೆಟ್ಟಿಲಿಳಿಸಿ ಕರೆದುಕೊಂಡು ಬಂದೆ. ಪೂಜೆಗೆ ಇನ್ನೂ ಹೊತ್ತಿತ್ತು. ಪೆಟ್ಟಿಗೆಯಿಂದ ಮಿಷನ್ನು ತೆಗೆದು, ಮುಚ್ಚಳ ಎತ್ತಿ, ಗಾಜಿನ ಎಳೆ ಎಲ್ಲಿ ಇಡುತ್ತಾರೆ, ಕಿಡಿ ಎಲ್ಲಿ ಹತ್ತುತ್ತದೆ ಎಂದು ತೋರಿಸಿದೆ. ಅವರು ಬಗ್ಗಿ ನೋಡಿದರು.

“ಇದ್ರ ಜೀವ ಇರಾದು ಇಲ್ಲೇ ಅನ್ನು.”

“ಹೂಂ ಅಜ್ಜಿ, ಇಲ್ಲೇ. ನಾಳೆ ಇದು ಕೈ ಕೊಡಬಾರದು. ಚೆನ್ನಾಗಿ ಬೇಡಿಕೊಳ್ಳಿ” ಎಂದೆ.

“ನೀ ಯೋಚ್ನೆ ಮಾಡ್ಬ್ಯಾಡ” ಎಂದರು. ನಾನು ಯೋಚನೆ ಮಾಡಲಿಲ್ಲ. ಬಹಳ ದಿನಗಳ ಮೇಲೆ ಹಗುರವಾಗಿ ಬಸ್ಸು ಹತ್ತಿ ಹೊಳೆನರಸೀಪುರದ ನಮ್ಮ ಮನೆಗೆ ಹೋದೆ. ಪೂಜೆಗೂ ನಿಲ್ಲಲಿಲ್ಲ. ದಾರಿಯಲ್ಲೇ ಕವನಾಳಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಬರ್ತೀವಿ ಎಂದೆ. ಆ ‘ನಾಳೆ’ ಮಾತ್ರ ನಿಜವಾಯಿತು.

ವಿಜಯದಶಮಿಯ ಬೆಳಿಗ್ಗೆ ಶಾಂತರಾಜು ಜೀಪನ್ನು ಹೊಳೆನರಸೀಪುರದ ಮೇಲೆಯೇ ತಂದು ನನ್ನನ್ನು ಹತ್ತಿಸಿಕೊಂಡ. ಮಿಷನ್ನು ಎಂದಿನಂತೆ ಮುಂದಿನ ಸೀಟಿನಲ್ಲಿ, ಪೆಟ್ಟಿಗೆಗೆ ಸೇವಂತಿಗೆ ಹಾರ. “ಅಜ್ಜಿ ಸ್ನಾನ ಮಾಡ್ಕಂಡು ಬಾಗ್ಲಲ್ಲೇ ನಿಂತಿದ್ರು ಮೇಡಮ್ಮೋರೆ. ತಾವೇ ಎತ್ತಿ ಕೈಗ್ ಕೊಟ್ರು. ಓಗಿ ಗೆದ್ಕಂಡ್ ಬಾ ಅಂದ್ರು” ಎಂದ.

ಕೊಣನೂರಿನಲ್ಲಿ ಬೈರಯ್ಯನವರು ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ನಿಂತಿದ್ದರು. ಅವರಿಗೂ ಅವತ್ತು ದೊಡ್ಡ ದಿನವೇ. ಬಾಬಾಸಾಹೇಬರು ಬೌದ್ಧಧರ್ಮ ಸ್ವೀಕರಿಸಿದ ದಿನವೆಂದು ಪಟಗಳಿಗೆ ಬಿಳಿ ಹೂವಿಟ್ಟು, ಮೇಣದ ಬತ್ತಿ ಹಚ್ಚಿದ್ದರು. ಕವನಾ ನಮಗೆ ಪಾಯಸ ತಂದುಕೊಟ್ಟಳು. “ನಮ್ಮನೇಲಿ ಆಯುಧಪೂಜೆ ಇಲ್ಲ ಅಕ್ಕ. ನೆನ್ನೆ ಬಂದಿದ್ರೂ ಆಗ್ತಿತ್ತು” ಎಂದು ನಗುತ್ತಾ ಚುಚ್ಚಿದಳು. ನಾನೂ ನಕ್ಕೆ. ನಗುವ ಧೈರ್ಯ ಆಗ ಇತ್ತು.

ಶಾಂತರಾಜು ಕಂಬ ಹತ್ತಿ ಕೇಬಲ್ಲು ಬಿಗಿದ. ಮನೆಯವರೆಗೆ ಎಳೆದು, ಗೋಡೆಯಲ್ಲಿ ತೂತು ಕೊರೆದು ಒಳಗೆ ತಂದ. ಪೆಟ್ಟಿಗೆ ಕೂರಿಸಿದ. ಮೇಲುಸಿಪ್ಪೆ ಸುಲಿದು ಗಾಜಿನ ಎಳೆಗಳನ್ನು ಬಿಡಿಸಿದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಾರ ತೆಗೆದಿಟ್ಟು, ಮಿಷನ್ನು ಹೊರಗಿಟ್ಟ. ಕವನಾ ಹತ್ತಿರ ಬಂದು ನಿಂತಳು. ಅವನು ಮುಚ್ಚಳ ಎತ್ತಿದ.

ಕರ್ಪೂರದ ವಾಸನೆ ಬಂತು.

ಎಳೆ ಇಡುವ ಸಣ್ಣ ಗೀರುಗಳಲ್ಲಿ ವಿಭೂತಿ ಒಣಗಿ ಕೂತಿತ್ತು. ಕಿಡಿ ಹತ್ತುವ ಎರಡು ಮೊನೆಗಳಿಗೂ ಅರಿಶಿನ, ಅದರ ಮೇಲೆ ಕುಂಕುಮ. ಕುಂಕುಮ ಒದ್ದೆಯಾಗಿ ಹರಿದು ಕೆಳಗೆ ಎಳೆಯನ್ನು ಪರದೆಗೆ ತೋರಿಸುವ ಕನ್ನಡಿಯವರೆಗೆ ಹೋಗಿತ್ತು. ತೀರ್ಥವನ್ನೂ ಪ್ರೋಕ್ಷಿಸಿದ್ದರು. ನಡುವೆ ಒಂದು ಎಸಳು ಹೂವು, ಚೆನ್ನಾಗಿ ನೋಡಿ, ಸರಿಯಾದ ಜಾಗದಲ್ಲೇ ಇಟ್ಟದ್ದು.

ಹೊರಗಡೆ ಮಿಷನ್ನಿನ ಮೇಲೆ ಒಂದು ಬೊಟ್ಟೂ ಇರಲಿಲ್ಲ. ನಾನು ತೋರಿಸಿದ ಜಾಗಕ್ಕೇ ಅಜ್ಜಿ ಎಲ್ಲವನ್ನೂ ಇಟ್ಟಿದ್ದರು.

ಶಾಂತರಾಜು ಹೂವಿನ ಎಸಳನ್ನು ಎತ್ತಿ ಪಕ್ಕಕ್ಕಿಟ್ಟ. “ಇದ್ರೊಳೀಕೆ ಧೂಳ್ ಬೀಳ್ತದೆ ಅಂತ ನಾನು ಉಸ್ರೂ ಬಿಡಾದಿಲ್ಲ ಮೇಡಮ್ಮೋರೆ” ಎಂದ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸತೊಡಗಿದ. ಒರೆಸಿದಷ್ಟೂ ಕೆಂಪು ಬರುತ್ತಲೇ ಇತ್ತು. ಮೇಲಿನದು ಹೋಯಿತು, ಗೀರಿನೊಳಗಿನದು ಹೋಗಲಿಲ್ಲ. ಎಳೆ ಇಟ್ಟು ಗುಂಡಿ ಒತ್ತಿದ. ಪರದೆಯ ಮೇಲೆ ಮಂಜು ಕವಿದ ಹಾಗೆ ಕಂಡಿತು, ಮಿಷನ್ನು ಕೀಂ ಎಂದು ಕೂಗಿ ನಿಂತಿತು. ಮತ್ತೆ ಒರೆಸಿದ, ಮತ್ತೆ ಒತ್ತಿದ. ಒಂದು ಸಲ ಕಿಡಿ ಹತ್ತಿತು, ಓರೆಯಾಗಿ. ಎಳೆ ಸುಟ್ಟು ಗುಂಡಗಾಯಿತು. ಆಮೇಲೆ ಅದೂ ಹತ್ತಲಿಲ್ಲ.

ಕೈಯಿಂದಲೇ ಕೂಡಿಸುವ ಪ್ಲಾಸ್ಟಿಕ್ಕಿನ ಕೊಂಡಿ ಒಂದಿತ್ತು. ಅದನ್ನೂ ಹಾಕಿ ನೋಡಿದ. ಗೋಡೆಯ ಪೆಟ್ಟಿಗೆಯಲ್ಲಿ ದೀಪ ಕೆಂಪಾಗಿ ಮಿಣುಕಿತು, ಒಂದು ಗಳಿಗೆ ಹಸಿರಾಯಿತು, ಮತ್ತೆ ಕೆಂಪಾಗಿ ಆರಿತು. ಹಸಿರಾದ ಆ ಗಳಿಗೆಯಲ್ಲಿ ಕವನಾ ನನ್ನ ಕೈ ಹಿಡಿದುಕೊಂಡಿದ್ದಳು.

ನಾನು ಫೋನ್ ತೆಗೆದೆ. ನನ್ನ ಕೆಲಸ ಅದೇ ತಾನೆ. ಇಂಥ ಮಿಷನ್ನು ಇರುವ ಹಾಸನದ ಇನ್ನೊಬ್ಬ ಗುತ್ತಿಗೆದಾರರಿಗೆ ಮಾಡಿದೆ. “ಪೂಜೆಗಿಟ್ಟಿದೀವಿ ಮೇಡಂ, ಹುಡುಗ್ರೆಲ್ಲ ಊರಿಗೆ ಹೋಗವ್ರೆ, ನಾಳೆ ಮಧ್ಯಾಹ್ನದ ಮೇಲೆ ನೋಡೋಣ” ಎಂದರು. ಹಬ್ಬದ ಶುಭಾಶಯವನ್ನೂ ಹೇಳಿದರು. ಚನ್ನರಾಯಪಟ್ಟಣದವನೊಬ್ಬ ಮಿಷನ್ನನ್ನು ಬೀಗ ಹಾಕಿಟ್ಟು ಧರ್ಮಸ್ಥಳಕ್ಕೆ ಹೋಗಿದ್ದ. ಅರಕಲಗೂಡಿನವನ ಫೋನು ಆಫ್ ಆಗಿತ್ತು. ಮೈಸೂರಿಗೂ ಮಾಡಿದೆ. ಅವತ್ತು ಮೈಸೂರಿನಲ್ಲಿ ಫೋನ್ ಎತ್ತುವವರು ಯಾರು? ಎಲ್ಲರ ಮಿಷನ್ನುಗಳೂ ಹೂವು ಮುಡಿದು ಆರಾಮವಾಗಿ ಕೂತಿದ್ದವು.

ಕೊನೆಗೆ ಅನಿಲ್‌ಕುಮಾರ್‌ಗೆ ಮಾಡಿದೆ. ಕೂಗಾಡುತ್ತಾರೆ ಎಂದುಕೊಂಡೆ. ಅವರು ಕೂಗಾಡಲಿಲ್ಲ. “ಅಮ್ಮಂಗೆ ಮಾತ್ರ ಹೇಳ್ಬೇಡ ಕಣಮ್ಮ. ಈ ವಯಸ್ಸಲ್ಲಿ ಎದೆ ಒಡ್ಕೊಂಡ್ಬಿಡ್ತಾಳೆ” ಎಂದರು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

“ಈಗ ಏನ್ ಮಾಡದು ಅಕ್ಕ?” ಎಂದಳು ಕವನಾ.

“ಏನಾದರೂ ಮಾಡ್ತೀನಿ” ಎಂದೆ. ಈ ಮಾತನ್ನು ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಹೇಳಿದ ಮೇಲೆ ನನಗೇ ಕೇಳಿಸಿತು. ಮಾಡಲು ಏನೂ ಇರಲಿಲ್ಲ. ಬೈರಯ್ಯನವರು ನಾವು ಹೊರಡುವಾಗ ಪಾಯಸದ ಡಬ್ಬಿಯೊಂದನ್ನು ಜೀಪಿನಲ್ಲಿಟ್ಟರು. “ಅಬ್ಬುದ್ ದಿನ ಬಂದು ಕಷ್ಟ ಬಿದ್ರಿ” ಎಂದರು. ಅವರು ನಾಲ್ಕು ಮಾತು ಬೈದಿದ್ದರೆ ನಾನು ನೆಟ್ಟಗೆ ಕೂತು ಊರು ಸೇರುತ್ತಿದ್ದೆ. ಅವರು ಬೈಯಲಿಲ್ಲ, ಅರಕಲಗೂಡು ದಾಟುವವರೆಗೂ ಅಳುತ್ತಲೇ ಇದ್ದೆ. ಶಾಂತರಾಜು ಕನ್ನಡಿಯಲ್ಲಿ ನೋಡಿಯೂ ನೋಡದ ಹಾಗೆ ಜೀಪು ಓಡಿಸಿದ.

ಮಾರನೇ ದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಅಕ್ಕಪಕ್ಕದವರ ಮೊಬೈಲುಗಳನ್ನೆಲ್ಲ ಒಟ್ಟುಮಾಡಿ, ಅವುಗಳ ನೆಟ್ಟಿನಲ್ಲಿ ಪರೀಕ್ಷೆಗೆ ಕೂತಿದ್ದಳಂತೆ. ಪುಣೆಯವರ ಮುಖ ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಿತ್ತಂತೆ.

“ಲೈನ್ ರೆಡಿ ಇಲ್ಲ ಅಂತ ಬರ್ಕೊಂಡ್ರು ಅಕ್ಕ. ಮರ್ಯಾದೆಯಾಗೇ ಮಾತಾಡುದ್ರು. ಯಾಕ್ ರೆಡಿ ಆಗ್ಲಿಲ್ಲ, ಕಾರಣ ಹೇಳಿ, ಬೇಕಾದ್ರೆ ಎರಡು ದಿನ ಕೊಡಕ್ಕಾಗುತ್ತಾ ಕೇಳ್ತೀವಿ ಅಂದ್ರು.”

“ನೀನೇನು ಹೇಳಿದೆ?”

“ಪೂಜೆ ಮಾಡಿ ಕೆಡ್ತು ಅಂತಾನೇ ಹೇಳ್ದೆ. ಅವರು ನಗಾಡುದ್ರು. ನಿಮ್ಮ ಮನೇಲಿ ಪೂಜೆ ಇತ್ತಾ ಅಂದ್ರು. ನಮ್ಮನೇಲಿ ಪೂಜೆನೇ ಮಾಡಲ್ಲ ಅಂದ್ರೆ ಸುಳ್ಳು ಅನ್ಕೋತಾರೆ. ಏನ್ ಹೇಳಬೇಕೋ ಗೊತ್ತಾಗ್ಲಿಲ್ಲ, ಸುಮ್ನಾಗ್ಬುಟ್ಟೆ.”

ನಾನು ಪುಣೆಗೆ ಫೋನ್ ಮಾಡಿದೆ, ಮೇಲ್ ಬರೆದೆ, ತಪ್ಪು ನಮ್ಮದೆಂದೆ, ಇನ್ನೊಮ್ಮೆ ಬೇಡಿಕೊಂಡೆ. ನಿಮ್ಮ ಕಾಳಜಿಗೆ ಧನ್ಯವಾದ ಎಂದು ಉತ್ತರ ಬಂತು. ಕೆಲಸ ಬೇರೆ ಜಿಲ್ಲೆಗೆ ಹೋಗಿತ್ತು.

ಮಿಷನ್ನು ಬೆಂಗಳೂರಿಗೆ ಹೋಗಿ ಮೊನೆ, ಕನ್ನಡಿ ಎಲ್ಲ ಬದಲಾಯಿಸಿಕೊಂಡು ಬಂತು. ದೀಪಾವಳಿ ಕಳೆದಿತ್ತು. ಕೊಣನೂರಿನ ಸಾಲು ಇನ್ನೂ ಕೆಂಪಾಗಿಯೇ ಇತ್ತು. ಕೆಂಪು ಸಾಲುಗಳನ್ನು ಕಂಪನಿಯವರು ದಿನಾ ಕೇಳುತ್ತಾರೆ. ಒಪ್ಪಂದದ ಪ್ರಕಾರ ಲೈನು ಕೊಡಲೇಬೇಕು ಎಂದರು ಅನಿಲ್‌ಕುಮಾರ್. ಕವನಾ ಬೇಡ ಎನ್ನುತ್ತಾಳೆ ಎಂದುಕೊಂಡು ಫೋನ್ ಮಾಡಿದೆ. “ಹಾಕ್ಕೊಡಿ ಅಕ್ಕ, ಮುಂದೆ ಯಾವತ್ತಾದ್ರೂ ಬೇಕಾಯ್ತದೆ. ಅಪ್ಪ ಇರ್ತಾರೆ” ಎಂದಳು. ಅವಳ ಹಿಂದೆ ಹೊಲಿಗೆ ಯಂತ್ರಗಳು ಒಟ್ಟಿಗೆ ಓಡುವ ಸದ್ದು ಕೇಳುತ್ತಿತ್ತು.

ಕೆಲಸ ಸರಾಗವಾಗಿ ಮುಗಿಯಿತು. ಮಿಷನ್ನು ಒಂದೇ ಏಟಿಗೆ ಬೆಸೆಯಿತು. ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿ, ಮಿಣುಕದೆ ನಿಂತಿತು. ಶಾಂತರಾಜು ವೇಗ ಅಳೆದು ನೋಡಿ, “ಪುಟ್ಟಸ್ವಾಮೇರ್ ಮಂಟಪಕ್ಕಿಂತ ಚೆನ್ನಾಗದೆ” ಎಂದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟಿದ್ದರು. ಬೈರಯ್ಯನವರು ಕೈಮುಗಿದು ನಿಂತೇ ಇದ್ದರು.

“ಇದು ಇಂಗೇ ಉರೀತಾ ಇರ್ತದಾ ಅವ್ವ?”

“ಹೂಂ, ಕರೆಂಟ್ ಇರೋವರೆಗೂ ಇರುತ್ತೆ. ಬೇಡ ಅಂದ್ರೆ ಈ ಗುಂಡಿ ಒತ್ತಿ, ಆರುತ್ತೆ.”

“ಬ್ಯಾಡ, ಉರೀಲಿ ಬುಡಿ. ಮಗಾ ಬರಾ ಒತ್ಗೆ ಕತ್ಲಾಗಿರ್ತದೆ. ಬಂದು ನೋಡ್ಕತಳೆ” ಎಂದರು.

ಆಫೀಸಿಗೆ ಬಂದು ಕೊಣನೂರಿನ ಸಾಲಿಗೆ ಹಸಿರು ತುಂಬಿದೆ. ಆ ತಿಂಗಳು ನನ್ನ ಕಂಪ್ಯೂಟರಿನಲ್ಲಿ ಒಂದೂ ಕೆಂಪು ಸಾಲಿರಲಿಲ್ಲ. ಕಂಪನಿಯವರು ಮೆಚ್ಚಿ ಮೇಲ್ ಕಳಿಸಿದರು, ಅನಿಲ್‌ಕುಮಾರ್ ಎಲ್ಲರಿಗೂ ಜಹಾಂಗೀರ್ ತರಿಸಿದರು.

ಜಹಾಂಗೀರ್ ತಿನ್ನಲು ಅಜ್ಜಿಯೂ ಮೆಟ್ಟಿಲಿಳಿದು ಬಂದರು. ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು. “ಶಾಂತ್ರಾಜ ಮೊನ್ನೆ ಕೊಣನೂರ್ಗೋಗಿದ್ದೆ ಅಂದ. ಆ ಮಗ ಎಂಗವಳೆ? ಮನೇಲೇ ಕುಂತ್ಕಂಡು ಕೆಲ್ಸ ಮಾಡ್ತಾವಳಾ?”

ಅವರ ಬೆನ್ನ ಹಿಂದೆ ಅನಿಲ್‌ಕುಮಾರ್ ತಟ್ಟೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಜ್ಜಿಯ ಮುಖ ನೋಡಿದರೆ ಯಾರಿಗೂ ನಿಜ ಹೇಳಲು ಬಾಯಿ ಬರುವಂತಿರಲಿಲ್ಲ.

“ಹೂಂ ಅಜ್ಜಿ” ಎಂದೆ.

“ನಾ ಏಳ್ಲಿಲ್ವಾ? ಎಲ್ರೂ ಮೇಲ್ಗಡೆ ಬೊಟ್ಟಿಡ್ತಾರೆ. ನೀನು ತೋರ್ಸಿದ್ಯಲ್ಲ, ಅದ್ಕೇ ನಾನು ಜೀವ ಇರ ಕಡೀಕೇ ಇಟ್ಟೆ. ಬರಾ ವರ್ಸವೂ ಅಂಗೇ ಇಡ್ತೀನಿ.” ಸೊಂಟದ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು. “ಅವತ್ತಿನ ಕುಂಕುಮವೇ. ಆ ಮಗೀಗೆ ಅಂತ ಎತ್ತಿಟ್ಟಿದ್ದೆ. ಮುಂದಿನ್ ಕಿತ ಕೊಣನೂರ್ಗೋದಾಗ ಕೊಡು.”

ಮುಂದಿನ ವರ್ಷ ಪೂಜೆಗೆ ಮೊದಲು ಮಿಷನ್ನನ್ನು ಎಲ್ಲಿ ಬಚ್ಚಿಡುವುದು ಎಂದು ಅನಿಲ್‌ಕುಮಾರ್ ಆಮೇಲೆ ನನ್ನನ್ನೇ ಕೇಳಿದರು. ನೀನೇ ಏನಾದರೂ ಹೊಂದಿಸು ಎಂದರು.

ಪೊಟ್ಟಣ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಕುಂಕುಮವನ್ನು ಎಸೆಯುವ ಹಾಗಿಲ್ಲ. ಕವನಾಳಿಗೆ ಕೊಡುವ ಮುಖ ನನಗಿಲ್ಲ. ಅಜ್ಜಿಗೆ ವಾಪಸು ಕೊಡಲಂತೂ ಆಗುವುದಿಲ್ಲ. ಕಾಗದ ಒಂದು ಮೂಲೆಯಲ್ಲಿ ಹರಿದಿದೆ, ಫೋನ್ ತೆಗೆಯಲು ಕೈ ಹಾಕಿದಾಗಲೆಲ್ಲ ಬೆರಳಿಗೆ ಹತ್ತುತ್ತದೆ. ಸೆರಗಿಗೆ ಒರೆಸಿಕೊಂಡು ಫೋನ್ ಕಿವಿಗಿಟ್ಟು, “ನಾಳೆ ಖಂಡಿತ ಬರ್ತಾರೆ” ಎಂದು ಇನ್ಯಾರಿಗೋ ಹೇಳುತ್ತೇನೆ.